ಅಕ್ಕ ಬರೆದ ಆ ಒಂದು ಸಾಲು

ಯಾರಾದರೂ ಮಾತಾಡಿಸಿದರೆ ಅವರು ಮುಖ ತಿರುಗಿಸುತ್ತಿರಲಿಲ್ಲ, ಬಲಗಿವಿ ತಿರುಗಿಸುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಎಡಗಿವಿಯನ್ನು ಪೂರ್ತಿ ಕೆಡಿಸಿ ಹೋಗಿತ್ತು. ಹಾಗಾಗಿ ಎದುರು ಕುಳಿತವರಿಗೆ ಅವರ ಒಂದೇ ಪಕ್ಕ ಕಾಣುತ್ತಿತ್ತು. ಎತ್ತರದ ಕೆನ್ನೆಮೂಳೆ, ಹಿಡಿಯಷ್ಟು ನರೆಗೂದಲು, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಒಂದು ಮೋಟು ಪೆನ್ಸಿಲ್. ಕಿವಿ ಮಂದವಿರುವವರು ಸಾಮಾನ್ಯವಾಗಿ ಕೇಳಿಸದಿದ್ದರೂ ತಲೆಯಾಡಿಸುತ್ತಾರೆ. ನನ್ನ ಅಜ್ಜ ಕೊನೆಯವರೆಗೂ ಹಾಗೆಯೇ ನಗುತ್ತಾ, ತಲೆಯಾಡಿಸುತ್ತಾ ಕಾಲ ಕಳೆದರು. ಇವರು ಹಾಗಲ್ಲ. "ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ" ಎನ್ನುತ್ತಿದ್ದರು. ಎರಡನೆಯ ಸಲವೂ ಕೇಳಿಸದಿದ್ದರೆ ಅದೇ ಮಾತನ್ನು, ಅದೇ ಧ್ವನಿಯಲ್ಲಿ, ಒಂದಿಷ್ಟೂ ಸಂಕೋಚವಿಲ್ಲದೆ ಮತ್ತೆ ಹೇಳುತ್ತಿದ್ದರು. ಮಾತಾಡುವವರಿಗೇ ನಾಚಿಕೆಯಾಗಬೇಕು.

ಕಚೇರಿಯಲ್ಲಿ ಅವರಿಗಿಂತ ಹಿರಿಯರೂ ಇದ್ದರು. ಆದರೂ ಎಲ್ಲರಿಗೂ ಅವರು ಅಕ್ಕ. ಯಜಮಾನರೂ ಅಕ್ಕ ಎಂದೇ ಕರೆಯುತ್ತಿದ್ದರು.

ಬಂಟ್ವಾಳದ ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಕೆಳಗೆ ಮಂಗಳೂರು ಬಸ್ಸಿನ ಕಂಡಕ್ಟರುಗಳು "ಕುಡ್ಲ, ಕುಡ್ಲ" ಎಂದು ಕೂಗುವುದು ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ನಾನು ಬೆಳ್ತಂಗಡಿ ಕಡೆಯಿಂದ ಬರುತ್ತಿದ್ದೆ, ಅಕ್ಕ ಬೆಳುವಾಯಿಯಿಂದ. ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಅವರು ಮೊದಲು ಮಸ್ಕತ್‌ನಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ಒಂದು ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದರು. ಅಣ್ಣ ತೀರಿಕೊಂಡಾಗ ಅತ್ತಿಗೆ ಒಬ್ಬರೇ ಆಗುತ್ತಾರೆಂದು ಬಂದವರು ಮತ್ತೆ ಹೋಗಲಿಲ್ಲ. ಮದುವೆಯಾಗಿರಲಿಲ್ಲ. ಅದರ ಬಗ್ಗೆ ಕೇಳಿದವರಿಗೂ ಅವರಲ್ಲಿ ನೇರ ಉತ್ತರವಿತ್ತು: "ಬೇಕಾದವ ಕೇಳ್ಲಿಲ್ಲ. ಕೇಳಿದವ ನನಗೆ ಬೇಡ ಇತ್ತು."

ನಾವು ಮಾಡುತ್ತಿದ್ದದ್ದು ನದಿಯ ನೀರಿನ ಮಟ್ಟ ಅಳೆಯುವ ಯಂತ್ರ. ನದಿಯ ಮೇಲ್ಭಾಗದ ಸೇತುವೆಗಳ ಅಡಿಯಲ್ಲಿ ಸೆನ್ಸರ್, ಪಕ್ಕದ ಕಂಬದಲ್ಲಿ ಬೀಗ ಹಾಕಿದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಂಗೈಯಗಲದ ಕಂಪ್ಯೂಟರ್. ಅದು ಕಳುಹಿಸಿದ ಅಂಕಿ ಕೆಳಗಿನ ಊರುಗಳಲ್ಲಿ ಗೋಡೆಗೆ ಹಾಕಿದ ಬೋರ್ಡುಗಳಲ್ಲಿ ಕೆಂಪಾಗಿ ಮೂಡುತ್ತಿತ್ತು. ಘಟ್ಟದ ಬುಡದಲ್ಲಿ ನೀರು ಏರಿದರೆ ಬಂಟ್ವಾಳದ ತಗ್ಗಿನವರಿಗೆ ಸಾಮಾನು ಎತ್ತಿಡಲು, ದನ ಬಿಚ್ಚಲು ಒಂದಿಷ್ಟು ಹೊತ್ತು ಸಿಗಬೇಕು. ಅಷ್ಟೇ ಆಸೆ.

ನಾನು ಸೇರಿದ ಮೊದಲ ವಾರವೇ ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಪುಟ್ಟ ಕಂಪ್ಯೂಟರಿನ ಒಳಗಿನದನ್ನು ವಿವರಿಸಿದರು. ಒಳಗೆ ಕರ್ನಲ್, ಇಡೀ ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮು. ತಂತಿಯನ್ನು, ಸೆನ್ಸರನ್ನು ಮುಟ್ಟುವ ಅಧಿಕಾರ ಅದಕ್ಕೆ ಮಾತ್ರ. ಹೊರಗೆ, ಯಾರ ಕಣ್ಣಿಗೂ ಬೀಳದೆ ಸದಾ ಎಚ್ಚರವಾಗಿರುವ ಒಂದು ಪ್ರೋಗ್ರಾಮು, ಡೀಮನ್. ಡೀಮನ್ ಕರ್ನಲ್ಲನ್ನು ಕೇಳುತ್ತದೆ, ನೀರೆಷ್ಟು ಎಂದು. ಕರ್ನಲ್ ಸೆನ್ಸರನ್ನು ವಿಚಾರಿಸಿ ಅಳತೆ ಕೊಡುತ್ತದೆ. ಕೊಡಲಾಗದಿದ್ದರೆ ಮೈನಸ್ ಚಿಹ್ನೆಯ ಒಂದು ಸಣ್ಣ ಸಂಖ್ಯೆ ಕೊಡುತ್ತದೆ. ಅದು ಎರರ್ ಕೋಡ್. ಪ್ರತಿ ಸಂಖ್ಯೆಗೂ ಒಂದು ಅರ್ಥ. ಮೈನಸ್ ಹನ್ನೊಂದೆಂದರೆ ಈಗ ಏನೂ ಇಲ್ಲ, ಸ್ವಲ್ಪ ಬಿಟ್ಟು ಕೇಳು. ಮೈನಸ್ ಐದೆಂದರೆ ಸೆನ್ಸರಿನೊಡನೆ ಮಾತಾಡಲು ಹೋಗಿ ಏನೋ ಕೆಟ್ಟಿತು. ಮೈನಸ್ ಹತ್ತೊಂಬತ್ತೆಂದರೆ ಆ ಸಾಧನವೇ ಇಲ್ಲ.

"ಇನ್ನೊಮ್ಮೆ ಕೇಳು ಅಂತ ಹೇಳುವುದು ಬೇರೆ. ಇನ್ನು ಕೇಳಿ ಪ್ರಯೋಜನ ಇಲ್ಲ ಅಂತ ಹೇಳುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ರೆ ನೀನು ಎಂತದ್ದೂ ಕೇಳಿಸಿಕೊಳ್ಳಲಿಲ್ಲ ಅಂತ ಅರ್ಥ" ಎಂದರು.

ಡೀಮನ್ ಎಂಬ ಪದಕ್ಕೆ ನಮ್ಮಲ್ಲಿ ಎಲ್ಲರಿಗೂ ನಗು. ಕಚೇರಿಯಲ್ಲಿ ಅದನ್ನು ಭೂತ ಎಂದೇ ಕರೆಯುತ್ತಿದ್ದೆವು. 'ಭೂತ ಏಳ್ಲಿಲ್ಲ', 'ಭೂತ ಬಿದ್ದಿತು' ಎಂದು ಮಾತಾಡಿಕೊಳ್ಳುತ್ತಿದ್ದೆವು. ಅಕ್ಕನಿಗೆ ಅದು ಅಷ್ಟು ಹಿಡಿಸುತ್ತಿರಲಿಲ್ಲ. "ಊರಿನ ಭೂತದ ಹತ್ತಿರ ಸುಳ್ಳು ಹೇಳ್ಲಿಕ್ಕೆ ಜನ ಹೆದರ್ತಾರೆ. ಇದರ ಹತ್ತಿರ ಎಷ್ಟು ಬೇಕಾದ್ರೂ ಹೇಳಿಸಬಹುದು ಮಾರಾಯ್ತಿ" ಎನ್ನುತ್ತಿದ್ದರು.

ಇನ್ನೊಬ್ಬರು ಬರೆದ ಕೋಡ್ ಓದುವಾಗ ಅವರು ಬಾಯೊಳಗೇ ಬೈಯುತ್ತಿದ್ದರು, ತುಳುವಿನಲ್ಲಿ. ಹೊರಗಿನಿಂದ ತರಿಸಿದ ಒಂದು ಸೆನ್ಸರಿನ ಡ್ರೈವರ್, ಅಂದರೆ ಕರ್ನಲ್ಲಿಗೆ ಅದನ್ನು ಓದಿಕೊಡುವ ತುಂಡು ಕೋಡ್, ಯಾವ ತೊಂದರೆಯಾದರೂ ಮೈನಸ್ ಒಂದು ಎಂದು ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಕರ್ನಲ್ಲಿನ ಭಾಷೆಯಲ್ಲಿ ಮೈನಸ್ ಒಂದಕ್ಕೆ 'ನಿನಗೆ ಅನುಮತಿ ಇಲ್ಲ' ಎಂಬ ಅರ್ಥವಿದೆ. ಅಕ್ಕ ಅಂದು ಗೋಳಿಬಜೆಯ ಪೊಟ್ಟಣ ಬಿಚ್ಚುತ್ತಾ ಬಿದ್ದು ಬಿದ್ದು ನಕ್ಕರು. "ನೋಡು, ಇಲಿ ತಂತಿ ಕಡಿದು ಹೋಗಿದೆ. ಇವ ನಮ್ಮ ಹತ್ತಿರ ಹೇಳ್ತಾನೆ, ನಿಮಗೆ ಒಳಗೆ ಬರ್ಲಿಕ್ಕೆ ಅಧಿಕಾರ ಇಲ್ಲ ಅಂತ." ಅವರು ಹಾಗೆ ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲಿನ ವರ್ಷಗಳಲ್ಲಿ ಆ ನಗು ಕಾಣಲಿಲ್ಲ.

ಮೊದಲ ಮಳೆಗಾಲದಲ್ಲಿ ಯಂತ್ರ ಅಕ್ಕ ಬರೆದಂತೆಯೇ ನಡೆಯಿತು. ಸೆನ್ಸರ್ ಕೆಟ್ಟರೆ ಬೋರ್ಡಿನಲ್ಲಿ ಅಂಕಿ ಅಳಿದು 'ಗೊತ್ತಿಲ್ಲ' ಎಂದು ಬರುತ್ತಿತ್ತು. ಸೆನ್ಸರುಗಳು ಆಗಾಗ ಕೆಡುತ್ತಿದ್ದವು. ಜೇಡ ಬಲೆ ಕಟ್ಟಿದರೆ ಸಾಕು, ಸಿಡಿಲು ಬಂದರೆ ಕೇಳುವುದೇ ಬೇಡ. ಜನ ನಗಲು ಶುರುಮಾಡಿದರು. 'ನದಿ ಬಗ್ಗೆ ಗೊತ್ತಿಲ್ಲ ಅಂತ ಹೇಳ್ಲಿಕ್ಕೆ ಬೋರ್ಡ್ ಯಾಕೆ, ನಮ್ಮ ಪಂಚಾಯತ್ ಮೆಂಬರೇ ಸಾಕಲ್ಲ' ಎಂದು ಯಾರೋ ಆಡಿಕೊಂಡದ್ದು ಮೆಂಬರ ಕಿವಿಗೂ ಬಿತ್ತು. ಒಂದು ಊರಿನಲ್ಲಿ ಬೋರ್ಡಿಗೆ ಗೋಣಿ ಹೊದಿಸಿದರು. ಇನ್ನೊಂದರಲ್ಲಿ ಪ್ಲಗ್ ಕಿತ್ತು ಫ್ರಿಜ್ಜಿನದನ್ನು ಹಾಕಿದರು.

ಯಜಮಾನರು ಅಕ್ಕನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ನಾನು ಈಗಲೂ ಹೇಳುತ್ತೇನೆ. ಅಕ್ಕನ ಬಲಗಿವಿಯ ಕಡೆಗೇ ಕೂತು ಮೆಲ್ಲಗೆ ಹೇಳಿದರು.

"ಅಕ್ಕ, ಗೊತ್ತಿಲ್ಲ ಅನ್ನುವ ಯಂತ್ರವನ್ನು ಜನ ಆಫ್ ಮಾಡ್ತಾರೆ. ಆಫ್ ಆದ ಮೇಲೆ ನಿಜವಾಗಿ ನೀರು ಬಂದ ದಿನ ಯಾರಿಗೆ ಉಪಯೋಗ? ಕೊನೆಗೆ ಸಿಕ್ಕಿದ ಸರಿ ಅಳತೆಯನ್ನೇ ತೋರಿಸುವ. ಹೆಚ್ಚಾಗಿ ಐದು ನಿಮಿಷದಲ್ಲಿ ಸೆನ್ಸರ್ ಮತ್ತೆ ಸರಿಯಾಗ್ತದಲ್ಲ?"

"ಹೆಚ್ಚಾಗಿ ಆಗ್ತದೆ" ಎಂದರು ಅಕ್ಕ. "ಆಗದ ದಿನ?"

"ಆಗದ ದಿನಕ್ಕೆ ನೀವು ಏನಾದ್ರೂ ಒಂದು ಉಪಾಯ ಮಾಡಿ."

ಅಕ್ಕ ಗೋಣಿ ಹೊದಿಸಿದ ಬೋರ್ಡನ್ನು ಸ್ವತಃ ಹೋಗಿ ನೋಡಿ ಬಂದರು. ಯಜಮಾನರ ಮಾತಿನಲ್ಲಿ ನಿಜವಿತ್ತು, ಕಷ್ಟವಾದದ್ದೇ ಅದರಿಂದ. ಕೊನೆಗೆ ಒಂದು ದಾರಿ ಹುಡುಕಿದರು. ಕರ್ನಲ್ ಎರರ್ ಕೊಟ್ಟಾಗ ಹಳೆಯ ಅಳತೆಯೇ ಇರಲಿ, ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಬರಲಿ. ನಕ್ಷತ್ರ ಇದ್ದರೆ ಅಂಕಿ ಹಳತು ಎಂದು ಅರ್ಥ. ಊರೂರಿಗೆ ಹೋಗಿ ಹೇಳಿಯೂ ಬಂದರು. ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಮರುವರ್ಷ ಚುನಾವಣೆ ಬಂದಾಗ ಯಾರೋ, ಬೋರ್ಡಿನಲ್ಲಿ ಒಬ್ಬ ಅಭ್ಯರ್ಥಿಯ ಚಿಹ್ನೆ ಮೂಡುತ್ತದೆಂದು ದೂರು ಕೊಟ್ಟರು. ನಕ್ಷತ್ರ ತೆಗೆಯಬೇಕೆಂದು ಮೇಲಿನಿಂದ ಮಾತು ಬಂತು.

ಯಜಮಾನರು ಆ ಕೆಲಸವನ್ನು ನನಗೆ ಕೊಡಲು ಬಂದರು. ಅಕ್ಕ ತಡೆದರು.

"ಅವಳು ಬೇಡ. ಕೆಟ್ಟ ಕೆಲಸ ಆದ್ರೆ ಬರೆದವಳ ಹೆಸರು ಗೊತ್ತಿರಬೇಕು. ನಾನೇ ಬರೀತೇನೆ."

ಒಂದೇ ಸಾಲು. ಕರ್ನಲ್ಲಿನಿಂದ ಬಂದದ್ದು ಸೊನ್ನೆಗಿಂತ ಕಡಿಮೆಯಾಗಿದ್ದರೆ ಯಾವ ಗುರುತೂ ಇಲ್ಲದೆ ಹಿಂದಿನ ಅಳತೆಯನ್ನೇ ಕಳುಹಿಸು. ಮೈನಸ್ ಹನ್ನೊಂದು, ಮೈನಸ್ ಐದು, ಮೈನಸ್ ಹತ್ತೊಂಬತ್ತು, ಎಲ್ಲ ಒಂದೇ ಚೀಲಕ್ಕೆ. ಬರೆದು ಮುಗಿಸಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮೇಜಿನ ಮೇಲಿಟ್ಟರು. ಕೆಳಗೆ ಹೋಗಿ ಸಕ್ಕರೆಯಿಲ್ಲದ ಚಾ ಕುಡಿದು ಬಂದರು. ಕೊನೆಯ ಬಸ್ಸಿಗೆ ಇನ್ನೂ ಎಷ್ಟೋ ಹೊತ್ತಿತ್ತು, ಆದರೂ ಆವತ್ತು ಬೇಗ ಹೊರಟರು.

ಅದಾದ ಮೇಲೆ ದೂರುಗಳು ನಿಂತವು. ಬೋರ್ಡುಗಳು ಯಾವಾಗಲೂ ಒಂದಲ್ಲ ಒಂದು ಅಂಕಿ ತೋರಿಸುತ್ತಿದ್ದವು. ಜನ ಗೋಣಿ ತೆಗೆದರು. ನಿಧಾನವಾಗಿ ನಂಬಲೂ ತೊಡಗಿದರು.

ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಮಳೆ ಎಷ್ಟಿತ್ತೆಂದರೆ ಎದುರಿನ ಬಸ್ ನಿಲ್ದಾಣ ಕಾಣುತ್ತಿರಲಿಲ್ಲ. ಕಚೇರಿಯ ದೊಡ್ಡ ಪರದೆಯಲ್ಲಿ ಎಲ್ಲ ಸೇತುವೆಗಳ ಅಂಕಿಗಳೂ ಸಾಲಾಗಿ ಇದ್ದವು. ಅಕ್ಕ ಊಟದ ಡಬ್ಬಿ ತೊಳೆದುಕೊಂಡು ಬಂದವರು ಪರದೆಯ ಮುಂದೆ ನಿಂತರು.

"ಬೆಳ್ತಂಗಡಿ ಕಡೆಯ ಸೇತುವೆ. ಈ ಅಂಕಿ ಎಷ್ಟು ಹೊತ್ತಿನಿಂದ ಹೀಗೇ ಉಂಟು?"

"ನಾನು ಊಟಕ್ಕೆ ಏಳುವಾಗಲೂ ಇದೇ ಇತ್ತು, ಅಕ್ಕ."

"ಇಂಥಾ ಮಳೆಗೆ ನದಿ ಒಂದೇ ಕಡೆ ನಿಲ್ತದಾ?"

ನನಗೆ ಅರ್ಥವಾಗುವ ಮೊದಲೇ ಅವರು ಫೋನ್ ತೆಗೆದಿದ್ದರು. ನರಿಕೊಂಬು ಕಡೆಯ ಒಂದು ದಡದಲ್ಲಿ ಆ ಸೇತುವೆಯ ಅಂಕಿ ತೋರಿಸುವ ಬೋರ್ಡ್ ಇದ್ದದ್ದು ದಿನಸಿ ಅಂಗಡಿಯ ಗೋಡೆಯ ಮೇಲೆ. ಅಂಗಡಿಯವರು ಫೋನ್ ಎತ್ತಿದರು. ಅಕ್ಕನಿಗೆ ಸರಿಯಾಗಿ ಕೇಳಿಸಲೆಂದು ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಹೆದರುವ ಹಾಗೆ ಎಂತ ಇಲ್ಲ ಮೇಡಂ. ಬೋರ್ಡಲ್ಲಿ ಕಮ್ಮಿಯೇ ಉಂಟು."

"ಬೋರ್ಡ್ ನೋಡ್ಬೇಡಿ ಮಾರಾಯ್ರೆ!" ಅಕ್ಕ ಕಿರುಚಿದರು. ಅವರು ಕಿರುಚಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. "ಬೋರ್ಡ್ ಸುಳ್ಳು. ಹೊರಗೆ ಹೋಗಿ ನದಿ ನೋಡಿ. ತಗ್ಗಿನಲ್ಲಿರುವವರನ್ನು ಎಬ್ಬಿಸಿ."

ಅಂಗಡಿಯವರು ಹೊರಗೆ ಹೋದರು. ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವರು ಯಾರನ್ನೋ ತುಳುವಿನಲ್ಲಿ ಕೂಗಿದ್ದು, ಫೋನ್ ಕಡಿದದ್ದು.

ನಾವಿಬ್ಬರೂ ರಿಕ್ಷಾ ಹಿಡಿದೆವು. ಹೋಗುವಷ್ಟು ಹೋಗಿ ರಿಕ್ಷಾದವ ನಿಲ್ಲಿಸಿದ. ಮುಂದೆ ರಸ್ತೆಯೇ ಇರಲಿಲ್ಲ, ಕೆಂಪು ನೀರಿತ್ತು. ಜನ ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಕ್ಕಳನ್ನು ಹೊತ್ತು ಮೇಲಕ್ಕೆ ಬರುತ್ತಿದ್ದರು. ಹೆಚ್ಚಿನವರು ಅಂಗಡಿಯವರ ಕೂಗಿಗೆ ಎದ್ದು ಬಂದವರೇ. ಅಕ್ಕ ಮೊಣಕಾಲು ನೀರಿನಲ್ಲಿ ನಿಂತು ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದರು: "ಎಲ್ಲರೂ ಬಂದ್ರಾ? ಎಲ್ಲರೂ ಬಂದ್ರಾ?"

ಎಲ್ಲರೂ ಬಂದಿರಲಿಲ್ಲ. ನದಿಯ ಅಂಚಿಗೇ ಹಟ್ಟಿ ಕಟ್ಟಿಕೊಂಡು ದನ ಸಾಕುತ್ತಿದ್ದ ಒಬ್ಬರು ಉಳಿದಿದ್ದರು. ಊಟವಾದ ಮೇಲೆ ಅಂಗಡಿಗೆ ಬಂದು ಬೋರ್ಡ್ ನೋಡಿ, 'ಇನ್ನೂ ಹೊತ್ತುಂಟು, ಒಂದು ನಿದ್ದೆ ತೆಗೆದು ದನ ಬಿಚ್ತೇನೆ' ಎಂದು ಹೋಗಿದ್ದರಂತೆ. ಕೂಗು ಕೇಳಿ ಹೆಂಡತಿಯನ್ನು ಮೇಲಕ್ಕೆ ಕಳುಹಿಸಿ ತಾವು ಹಟ್ಟಿಗೆ ಓಡಿದರು. ಹಟ್ಟಿಯ ಗೋಡೆ ಅವರ ಮೇಲೆಯೇ ಕುಸಿಯಿತು. ಮರುದಿನ ಕೆಳಗಿನ ದೋಣಿ ಕಡವಿನಲ್ಲಿ ಸಿಕ್ಕರು. ಮುಷ್ಟಿಯಲ್ಲಿ ಹಗ್ಗದ ತುಂಡಿತ್ತೆಂದು ನೋಡಿದವರು ಹೇಳಿದರು.

ನೀರಿಳಿದ ಮೇಲೆ ಸೇತುವೆಗೆ ಹೋದೆವು. ತೇಲಿಬಂದ ಮರದ ದಿಮ್ಮಿ ಬಡಿದು ಸೆನ್ಸರು ಹಿಡಿಕೆ ಸಮೇತ ಹೋಗಿತ್ತು. ಪೆಟ್ಟಿಗೆ ಮಾತ್ರ ಒಂದು ಹನಿ ನೀರೂ ಒಳಗೆ ಹೋಗದೆ ಸುರಕ್ಷಿತವಾಗಿ ಕೂತಿತ್ತು. ಒಳಗೆ ಡೀಮನ್ ಇನ್ನೂ ಕೇಳುತ್ತಿತ್ತು. ಕರ್ನಲ್ ಪ್ರತಿ ಸಲವೂ ಮೈನಸ್ ಐದು, ಮೈನಸ್ ಐದು ಎನ್ನುತ್ತಿತ್ತು. ಡೀಮನ್ ಪ್ರತಿ ಸಲವೂ ಆ ಮಧ್ಯಾಹ್ನದ ಅಂಕಿಯನ್ನೇ ಕೆಳಗೆ ಕಳುಹಿಸುತ್ತಿತ್ತು. ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟರು.

"ಅದು ಹೇಳ್ತಾ ಇತ್ತು. ಪಾಪ, ಅದು ಹೇಳ್ತಾನೇ ಇತ್ತು" ಎಂದರು.

ವಿಚಾರಣೆಗೆಂದು ಒಬ್ಬ ಅಧಿಕಾರಿ ಬಂದರು. ಅಕ್ಕ ತಾವಾಗಿಯೇ ಮುಂದೆ ಹೋಗಿ, ಯಂತ್ರ ಸುಳ್ಳು ಹೇಳಿತು, ಹಾಗೆ ಹೇಳಿಸಿದ್ದು ನಾನು ಎಂದರು. ಅಧಿಕಾರಿ ಪೆನ್ನು ಎತ್ತಿ ಹಿಡಿದೇ ಕೇಳಿದರು.

"ಮೇಡಂ, ಸೆನ್ಸರ್ ಹಾಳಾದದ್ದು ನೆರೆಯಿಂದ ಅಲ್ವಾ?"

"ಹೌದು. ಹಾಳಾಗುವುದು ತಪ್ಪಲ್ಲ ಸರ್. ಹಾಳಾದದ್ದನ್ನು ಹೇಳದೆ ಇದ್ದದ್ದು ತಪ್ಪು. ಅದನ್ನು ಬರೀರಿ."

"ನೆರೆಯಿಂದ ಸಾಧನಕ್ಕೆ ಹಾನಿ ಅಂತ ಬರೆದುಕೊಳ್ತೇನೆ ಮೇಡಂ. ಅದೇ ಅಲ್ವಾ ಅರ್ಥ?"

"ಅಲ್ಲ" ಎಂದರು ಅಕ್ಕ. ಮತ್ತೆ ಮೊದಲಿನಿಂದ ಶುರುಮಾಡಿ ಕರ್ನಲ್, ಡೀಮನ್, ಆ ಸಾಲು, ಎಲ್ಲವನ್ನೂ ಹೇಳಿದರು. ಅಧಿಕಾರಿ ತಲೆಯಾಡಿಸುತ್ತಾ ಕೇಳಿದರು. ಚಾ ಕುಡಿದು, ನೆರೆಯಿಂದ ಸಾಧನಕ್ಕೆ ಹಾನಿ ಎಂದು ಬರೆದುಕೊಂಡು ಹೋದರು.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು, ನೆಂಟರೆಲ್ಲ ಚದುರಿದ ಮೇಲೆ ಅಕ್ಕ ತೀರಿಕೊಂಡವರ ಹೆಂಡತಿಯನ್ನು ಕಾಣಲು ಹೊರಟರು. ನಾನು ಬೇಡವೆಂದೆ. ಕೇಳಲಿಲ್ಲ, ನಾನೂ ಜೊತೆಗೆ ಹೋದೆ. ಆ ಹೆಂಗಸು ತಂಗಿಯ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದರು. ಅಕ್ಕ ನೆಲದ ಮೇಲೆ ಕೂತು, ಬಲಗಿವಿ ಅವರ ಕಡೆ ಮಾಡಿ, ತುಳುವಿನಲ್ಲಿ ಎಲ್ಲ ಹೇಳಿದರು. ಬೋರ್ಡಿನಲ್ಲಿದ್ದದ್ದು ಹಳೆಯ ಅಂಕಿ ಎಂದು. ಹಾಗೆ ಮಾಡಿದ್ದು ತನ್ನ ಕೈ ಎಂದು.

ಆ ಹೆಂಗಸು ಬೈಯಬಹುದು, ಅಳಬಹುದು ಎಂದು ನಾನು ಕಾದೆ. ಅವರು ಎಲೆ ಕತ್ತರಿಸುವುದನ್ನು ಬಿಡಲಿಲ್ಲ.

"ಅವರು ಮೊದಲು ನದಿ ನೋಡ್ತಿದ್ರು" ಎಂದರು. "ಮಳೆಗಾಲ ಪೂರ್ತಿ ನಿದ್ದೆಯೇ ಮಾಡ್ತಿರಲಿಲ್ಲ. ಗಳಿಗೆಗೊಮ್ಮೆ ಎದ್ದು ಹೋಗಿ ನೀರಿಗೆ ಕಾಲು ಹಾಕಿ ನೋಡಿ ಬರ್ತಿದ್ರು. ನಿಮ್ಮ ಬೋರ್ಡ್ ಬಂದ ಮೇಲೆ ನಾನೇ ಹೇಳಿದ್ದು, ಇನ್ನು ಸ್ವಲ್ಪ ಮಲಗಿ ಅಂತ."

ನಾವು ಎದ್ದಾಗ ಆ ಹೆಂಗಸು ಒಳಗಿನಿಂದ ಬೆಲ್ಲ, ನೀರು ತಂದುಕೊಟ್ಟರು. ಅಕ್ಕ ನೀರು ಕುಡಿದರು, ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು ಬಂದರು. ಬಸ್ಸಿನಲ್ಲಿ ಅದು ಕರಗಿ ಅಂಗೈಗೆಲ್ಲ ಅಂಟಿತ್ತು. ಒರೆಸಿಕೊಳ್ಳಲಿಲ್ಲ.

ಕಚೇರಿಯ ಕೋಡಿನಲ್ಲಿ ಆ ಸಾಲನ್ನು ಅವರು ಮರುದಿನವೇ ಅಳಿಸಿದರು. ಆದರೆ ಸೇತುವೆಗಳ ಪೆಟ್ಟಿಗೆಗಳಲ್ಲಿ ಅದು ಹಾಗೆಯೇ ಇತ್ತು. ಒಂದೊಂದು ಪೆಟ್ಟಿಗೆಯ ಹತ್ತಿರವೂ ಹೋಗಿ, ಬೀಗ ತೆಗೆದು, ತಂತಿ ಹಾಕಿ ಬದಲಾಯಿಸಬೇಕು. ಅಷ್ಟರಲ್ಲಿ ಬೋರ್ಡು, ಪೆಟ್ಟಿಗೆಗಳ ನಿರ್ವಹಣೆ ನಮ್ಮ ಕೈತಪ್ಪಿ ಹೊರಗಿನ ಒಂದು ಕಂಪನಿಗೆ ಹೋಯಿತು. ಯಜಮಾನರು ಕೈಚೆಲ್ಲಿದರು. "ಇನ್ನು ಅದು ನಮ್ಮದಲ್ಲ ಅಕ್ಕ. ನೀವು ಒಬ್ಬರೇ ಇದನ್ನು ಹೊತ್ತುಕೊಳ್ಳಬೇಡಿ. ಸ್ವಲ್ಪ ದಿನ ರಜೆ ತೆಗೆದುಕೊಳ್ಳಿ."

ಅಕ್ಕ ರಜೆ ತೆಗೆದುಕೊಂಡರು. ಹಳೆಯ ಕೀಲಿಗೊಂಚಲು ಅವರ ಹತ್ತಿರವೇ ಇತ್ತು. ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು, ಕೊಡೆ ಹಿಡಿದು, ಸಿಕ್ಕಿದ ಬಸ್ಸು ಹತ್ತಿ ಒಂದೊಂದೇ ಸೇತುವೆಗೆ ಹೋದರು. ರಜಾದಿನಗಳಲ್ಲಿ ನಾನೂ ಹೋಗುತ್ತಿದ್ದೆ. ಪೆಟ್ಟಿಗೆಯ ಮುಂದೆ ಅವರು ನಿಂತೇ ಕೆಲಸ ಮಾಡುತ್ತಿದ್ದರು, ನಾನು ಕೊಡೆ ಹಿಡಿಯುತ್ತಿದ್ದೆ. ಕೆಲಸ ಮುಗಿದ ಮೇಲೆ ಸೆನ್ಸರಿನ ತಂತಿಯನ್ನು ಒಮ್ಮೆ ಬಿಡಿಸಿ, ಕೆಳಗಿನ ಊರಿನವರಿಗೆ ಫೋನ್ ಮಾಡಿ ಕೇಳುತ್ತಿದ್ದರು. "ಬೋರ್ಡಲ್ಲಿ ಈಗ ಎಂತ ಬರ್ತದೆ? ಗೊತ್ತಿಲ್ಲ ಅಂತಾ? ಸರಿ." ಆ 'ಸರಿ'ಯಲ್ಲಿ ಒಂದು ಸಣ್ಣ ಸಮಾಧಾನವಿತ್ತು.

ಅದು ಬಾಳಲಿಲ್ಲ. ಬೋರ್ಡುಗಳು ಮತ್ತೆ 'ಗೊತ್ತಿಲ್ಲ' ಎನ್ನತೊಡಗಿದ್ದೇ ದೂರುಗಳು ಮತ್ತೆ ಶುರುವಾದವು. ಹೊಸ ಕಂಪನಿಯವರು ಬಂದು, ಏನೋ ಕೆಟ್ಟಿದೆ ಎಂದುಕೊಂಡು, ಅವರಲ್ಲಿದ್ದ ಹಳೆಯ ಪ್ರತಿಯನ್ನೇ ಮತ್ತೆ ಹಾಕಿ ಹೋದರು. ಅಕ್ಕ ಒಂದು ಸೇತುವೆಗೆ ಎರಡನೆಯ ಸಲ ಹೋದಾಗ ಆ ಸಾಲು ಮತ್ತೆ ಅಲ್ಲಿ ಕೂತಿತ್ತು, ಅವರದೇ ಅಕ್ಷರಗಳಲ್ಲಿ. ಮತ್ತೆ ಅಳಿಸಿದರು. ಮೂರನೆಯ ಸಲ ಹೋದಾಗ ಬೀಗವೇ ಬದಲಾಗಿತ್ತು. ಕೀಲಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದರು. ನಾನು ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದೆ. ಯಾವುದೂ ತಿರುಗಲಿಲ್ಲ.

"ಹೋಗುವ" ಎಂದರು. ಆಮೇಲೆ ಅವರು ಯಾವ ಸೇತುವೆಗೂ ಹೋಗಲಿಲ್ಲ.

ಹೊಸ ಕಂಪನಿಗೆ ಫೋನ್ ಮಾಡುತ್ತಿದ್ದರು. ಅಲ್ಲಿ ಪ್ರತಿ ಸಲವೂ ಬೇರೆ ಯಾರೋ ಎತ್ತುತ್ತಿದ್ದರು, ನೋಡುತ್ತೇವೆ ಮೇಡಂ ಎನ್ನುತ್ತಿದ್ದರು. ನಮ್ಮ ಕಚೇರಿಗೂ ಕೆಲಸ ಕಡಿಮೆಯಾಯಿತು. ನಾನು ಬೇರೆ ಕಡೆ ಸೇರಿದೆ. ಅಕ್ಕ ಮೂಡುಬಿದಿರೆಯ ಹತ್ತಿರ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಹೋದರು. ಮಕ್ಕಳಿಗೆ ಅವರು ಕಷ್ಟದ ಮೇಡಂ. ಕರ್ನಲ್ ಕೊಟ್ಟ ಎರರನ್ನು ನೋಡದೆ ಮುಂದೆ ಹೋಗುವ ಪ್ರೋಗ್ರಾಮಿಗೆ, ಉತ್ತರ ಸರಿ ಬಂದರೂ, ಅಂಕ ಕೊಡುತ್ತಿರಲಿಲ್ಲವಂತೆ. ಪೋಷಕರು ಹೋಗಿ ದೂರಿದರು. ಮುಂದಿನ ವರ್ಷ ಅವರನ್ನು ಕರೆಯಲಿಲ್ಲ.

ಕಾಯಿಲೆ ಹೊಟ್ಟೆಯಲ್ಲಿ ಶುರುವಾಯಿತು. ಗೊತ್ತಾಗುವಾಗ ಅದು ಎಲ್ಲ ಕಡೆ ಹೋಗಿತ್ತು. ಅತ್ತಿಗೆ ನನ್ನನ್ನು ಆಸ್ಪತ್ರೆಯ ಕಾರಿಡಾರಿನಲ್ಲೇ ತಡೆದು ಕೈಹಿಡಿದುಕೊಂಡರು.

"ಅವಳಿಗೆ ಹೇಳ್ಲಿಲ್ಲ ಮಗಾ. ಸಣ್ಣ ಇನ್‌ಫೆಕ್ಷನ್, ಹದಿನೈದು ದಿನದಲ್ಲಿ ಮನೆಗೆ ಹೋಗುವ ಅಂತ ಹೇಳಿದ್ದೇವೆ. ಡಾಕ್ಟ್ರ ಹತ್ತಿರವೂ ಹೇಳಿಸಿದ್ದೇನೆ. ನೀನೂ ಹಾಗೇ ಹೇಳು. ದಮ್ಮಯ್ಯ."

ಆಗಲಿ ಎಂದೆ.

ಅಕ್ಕ ಹಾಸಿಗೆಯಲ್ಲಿ ತುಂಬ ಚಿಕ್ಕವರಾಗಿ ಕಂಡರು. ಎಡಪಕ್ಕಕ್ಕೆ ಮಲಗಿದ್ದರು, ಬಲಗಿವಿ ಮೇಲೆ ಬರುವಂತೆ. ನನ್ನನ್ನು ನೋಡಿದ್ದೇ ಕೈಸನ್ನೆ ಮಾಡಿ ಹತ್ತಿರ ಕೂರಿಸಿಕೊಂಡರು. ಅತ್ತಿಗೆ ಫ್ಲಾಸ್ಕಿಗೆ ಬಿಸಿನೀರು ತರಲು ಹೋದರು.

"ಯಜಮಾನ್ರು ಬಂದಿದ್ರು. ಬೋರ್ಡೆಲ್ಲ ಸರಿ ಮಾಡಿದ್ದಾರೆ ಅಂತ ಹೇಳಿದ್ರು. ಹೌದಾ?"

ಹೌದು ಎಂದು ಹೇಳುವುದು ಎಷ್ಟು ಸುಲಭವಿತ್ತು. ಬರುವ ದಾರಿಯಲ್ಲಿ, ಬಸ್ಸಿನ ಕಿಟಕಿಯಿಂದ, ನಾನು ಆ ಬೋರ್ಡುಗಳಲ್ಲಿ ಒಂದನ್ನು ನೋಡಿದ್ದೆ. ನದಿ ಬತ್ತಿ ಬಂಡೆ ಕಾಣುತ್ತಿದ್ದರೂ ಬೋರ್ಡು ಹೋದ ಮಳೆಗಾಲದ ನೀರು ತೋರಿಸುತ್ತಿತ್ತು.

"ಇಲ್ಲ ಅಕ್ಕ" ಎಂದೆ. "ಹಾಗೇ ಉಂಟು."

ಅವರು ಕಣ್ಣು ಮುಚ್ಚಿದರು. ಕಣ್ಣು ತೆರೆಯದೆಯೇ ಕೇಳಿದರು.

"ನನ್ನದು?"

ನಾನು ಬಾಗಿಲ ಕಡೆ ನೋಡಿದೆ. ಅತ್ತಿಗೆ ಇನ್ನೂ ಬಂದಿರಲಿಲ್ಲ.

"ಗುಣ ಆಗುವುದಿಲ್ಲ ಅಂತೆ ಅಕ್ಕ."

"ಹಾಂ" ಎಂದರು. ನನ್ನ ಕೈಯನ್ನು ಒಮ್ಮೆ ಒತ್ತಿ ಬಿಟ್ಟರು. "ಇಲ್ಲಿ ಎಲ್ಲರೂ ನಗಾಡ್ತಾ ಬರ್ತಾರೆ. ಯಾರ ಹತ್ರ ಎಂತ ಕೇಳುವುದು ಅಂತಲೇ ಗೊತ್ತಾಗ್ತಿರಲಿಲ್ಲ." ಆಮೇಲೆ ಗೋಡೆಯ ಕಡೆಗೆ ತಿರುಗಿದರು. ಬಲಗಿವಿ ದಿಂಬಿನಲ್ಲಿ ಹುದುಗಿತು. ಇನ್ನು ಕೇಳುವುದು ಏನೂ ಇಲ್ಲ ಎಂಬಂತೆ. ಅವರ ಭುಜ ಅಲುಗುತ್ತಿತ್ತು. ಅಕ್ಕ ಅಳುವುದನ್ನು ನಾನು ಎಂದೂ ನೋಡಿರಲಿಲ್ಲ, ಆಗಲೂ ಮುಖ ನೋಡಲಿಲ್ಲ.

ಆ ದಿನದಿಂದ ಅವರು ಔಷಧಿ ತೆಗೆದುಕೊಳ್ಳಲು ಒಪ್ಪಲಿಲ್ಲವಂತೆ. ಬೆಳುವಾಯಿಗೆ ಕರೆದುಕೊಂಡು ಹೋಗಿ ಎಂದು ಹಟ ಹಿಡಿದರಂತೆ. ಮನೆಗೆ ಬಂದ ಮೇಲೆ ಹೆಚ್ಚು ದಿನ ಇರಲಿಲ್ಲ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಗದ್ದೆಯ ಬದಿಯಲ್ಲಿ ಚಿತೆ ಅರ್ಧ ಉರಿದಿತ್ತು. ಯಜಮಾನರು ಬಂದಿದ್ದರು. ಕಾಲೇಜಿನಿಂದ ಯಾರೂ ಬಂದಿರಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತಿಗೆ ಅಂಗಳದ ತುದಿಯಲ್ಲಿ ನಿಂತಿದ್ದ ನನ್ನ ಹತ್ತಿರ ಬಂದರು.

"ಆವತ್ತು ಅವಳಿಗೆ ಹೇಳಿದ್ದು ನೀನಾ?"

"ಹೌದು."

"ಅವಳಿಗೆ ಇನ್ನೂ ನಾಲ್ಕು ದಿನ ಆಸೆ ಇರ್ತಿತ್ತು. ಅದನ್ನೂ ತೆಗೆದೆಯಲ್ಲ."

ಅವರು ಕೂಗಲಿಲ್ಲ, ಶಾಪ ಹಾಕಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಎರಡು ಸಲ ಬೆಳುವಾಯಿಗೆ ಹೋಗಿದ್ದೇನೆ. ಬಾಗಿಲು ತೆರೆಯುತ್ತಾರೆ, ಕೂರಲು ಹೇಳುತ್ತಾರೆ, ಮಾತಾಡುವುದಿಲ್ಲ.

ನಾನೀಗ ಬೇರೆ ಯಂತ್ರಗಳಿಗೆ ಕೋಡ್ ಬರೆಯುತ್ತೇನೆ. ನನ್ನ ಕೈಕೆಳಗೆ ಕೆಲವರಿದ್ದಾರೆ. ಕರ್ನಲ್ ಏನು ಹೇಳಿತೋ ಅದನ್ನು ಹಾಗೆಯೇ ಹೊರಗೆ ಹೇಳಬೇಕೆಂದು ಅವರೊಂದಿಗೆ ಜಗಳವಾಡುತ್ತೇನೆ, ಹೆಚ್ಚಾಗಿ ಸೋಲುತ್ತೇನೆ. ಅಕ್ಕನಿಂದ ಕಲಿತದ್ದು ಇದೊಂದೇ. ಇದರಿಂದ ಯಾರಿಗಾದರೂ ಒಳ್ಳೆಯದಾಯಿತೇ ಎಂದು ಆಗಾಗ ಲೆಕ್ಕ ಹಾಕುತ್ತೇನೆ. ಆ ಹಟ್ಟಿಯವರಿಗೆ ಆಗಲಿಲ್ಲ, ಅತ್ತಿಗೆಗೆ ಆಗಲಿಲ್ಲ, ಅಕ್ಕನಿಗೂ ಆಯಿತೆಂದು ಹೇಳಲು ನಾಲಗೆ ಬರುವುದಿಲ್ಲ. ಬೇರೆ ಥರ ಬರೆಯಲು ಕೈಯೂ ಬರುವುದಿಲ್ಲ.